ಜರಡಿ ಹಿಡಿಯದ ಹಾಡು

ಕಂಡದ್ದನ್ನೆಲ್ಲ ಬೆರಳ ಗಿಣ್ಣಿನಿಂದ ಬಡಿದು ನೋಡುವ ಚಟ ನನಗೆ. ಮಡಕೆ, ತೆಂಗಿನಕಾಯಿ, ಕಲ್ಲಂಗಡಿ ಇವನ್ನು ಎಲ್ಲರೂ ಬಡಿಯುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ನಾನು ಬಾಗಿಲನ್ನೂ ಬಡಿಯುತ್ತೇನೆ, ಒಳಗೆ ಹೋಗುವುದಕ್ಕಲ್ಲ, ಕಟ್ಟಿಗೆಗೆ ಹುಳ ಬಿದ್ದಿದೆಯೋ ಎಂದು ತಿಳಿಯುವುದಕ್ಕೆ. ಹೊಸ ಗೋಡೆ ಬಡಿದು, ಗಿಲಾವು ಎಲ್ಲಿ ಬಿಟ್ಟಿದೆ ಎಂದು ಅದನ್ನು ಕಟ್ಟಿದ ಗವಂಡಿಗಿಂತ ಮೊದಲೇ ಹೇಳುತ್ತೇನೆ. ಒಮ್ಮೆ ಕೆಮ್ಮು ಬಂದಾಗ ದವಾಖಾನೆಯಲ್ಲಿ ಡಾಕ್ಟರು ನನ್ನ ಬೆನ್ನು ಬಡಿದರು. "ಏನ್ ಕೇಳಸ್ತ್ರಿ?" ಅಂದೆ. ಅವರು ನಕ್ಕರು. ನಾನು ನಗಿಸಲಿಕ್ಕೆ ಕೇಳಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಮಗನಿಗೆ ಹೆಣ್ಣು ನೋಡಲು ಅಕ್ಕಲಕೋಟೆಗೆ ಹೋದಾಗಲೂ ಬಡಿದೆ. ಹೆಣ್ಣನ್ನಲ್ಲ, ಅವರು ನೀರು ತಂದುಕೊಟ್ಟ ಹಿತ್ತಾಳೆಯ ತಂಬಿಗೆಯನ್ನು. ಠಣ್ ಎನ್ನಬೇಕಾದದ್ದು ಟಪ್ ಎಂದಿತು. "ಈ ತಂಬಗಿಗೆ ತಳದಾಗ ಬೆಸಗಿ ಹಾಕ್ಯಾರ ನೋಡ್ರಿ" ಅಂದುಬಿಟ್ಟೆ. ನನ್ನ ಗಂಡ ಕೆಮ್ಮಿದರು. ಹೆಣ್ಣಿನ ತಾಯಿ ಸೆರಗು ಸರಿ ಮಾಡಿಕೊಂಡು, "ಹೌದ್ರಿ, ಹ್ವಾದ ವರ್ಷ ಸೋರತಿತ್ತು" ಎಂದು ಒಪ್ಪಿಕೊಂಡಳು. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗೆಯಲ್ಲಿ ಬೆಸುಗೆ ಇರಲಿಲ್ಲ. ಹೀಗಾಗಿ ಹೂಂ ಅಂದೆ. ಅವಳೇ ನನ್ನ ಸೊಸೆ ಸುನಂದಾ. ತಂಬಿಗೆಯ ಸಂಗತಿಯನ್ನು ಅವಳೂ ಮರೆತಿಲ್ಲ, ಅವಳ ತಾಯಿಯೂ ಮರೆತಿಲ್ಲ.

ಈ ಚಟದ ನೆನಪು ಈಗ ಯಾಕೆ ಬಂತೆಂದರೆ, ನಮ್ಮ ಸೋಲಾಪುರದ ಮನೆಯ ಹಾಲಿನಲ್ಲಿ ಎರಡು ಕಪ್ಪು ಡಬ್ಬಿಗಳು ನಿಂತಿವೆ. ನನ್ನ ಎದೆಮಟ್ಟ ಬರುತ್ತವೆ. ಮಗ ಶಿವಾನಂದ ಪುಣೆಯಿಂದ ತರಿಸಿದ ಸ್ಪೀಕರುಗಳು ಅವು. ಅವನು ಇಲ್ಲೇ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕು, ರಿಟೈರಾಗಲು ಇನ್ನು ಸ್ವಲ್ಪ ವರ್ಷವಿದೆ. ಒಬ್ಬೊಬ್ಬರಿಗೆ ಆ ವಯಸ್ಸಿನಲ್ಲಿ ಭಕ್ತಿ ಹತ್ತುತ್ತದೆ, ಇವನಿಗೆ ಹಿಂದುಸ್ತಾನಿ ಸಂಗೀತ ಹತ್ತಿತು. ಡಬ್ಬಿ ಬಂದ ದಿನವೇ ಗಿಣ್ಣಿನಿಂದ ಬಡಿದೆ.

"ಅವ್ವಾ, ಹಂಗ ಬಡೀಬ್ಯಾಡ. ನಾಜೂಕ ಸಾಮಾನ."

"ಒಳಗ ಟೊಳ್ಳ ಐತಲ್ಲೋ ಶಿವ್ಯಾ."

"ಟೊಳ್ಳ ಇರಬೇಕು. ಅದಕ್ಕ ಅಷ್ಟ ದೊಡ್ಡ ಆವಾಜ ಬರತೈತಿ."

"ಹಂಗಾದ್ರ ನಿಮ್ಮ ಸಾಹೇಬನೂ ಇದ ಕಂಪನಿಯಾಂವ ಅನ್ನು."

ಅವನಿಗೆ ನಗು ಬಂತು, ಆದರೂ ನಗಲಿಲ್ಲ. ಡಬ್ಬಿಗೆ ವೈರು ಸಿಗಿಸುತ್ತಾ ಕೂತ.

ನಮ್ಮ ಮನೆಗೆ ಹಾಡು ಬಂದದ್ದು ಇದೇ ಮೊದಲಲ್ಲ. ನನ್ನ ಗಂಡ ಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದರು. ಅವರದೊಂದು ರೇಡಿಯೋ ಇತ್ತು. ತಲೆಯ ಮೇಲೆ ಹೊಡೆದರೆ ಹಾಡುತ್ತಿತ್ತು, ಮತ್ತೆ ಹೊಡೆದರೆ ವಾರ್ತೆ ಓದುತ್ತಿತ್ತು. ಹಾಡಿನ ಹಿಂದೆ ಯಾವಾಗಲೂ ಚರ್ರ್ ಎಂದು ಒಂದು ಸಪ್ಪಳ. ಮದುವೆಯಾಗಿ ಬಂದ ಹೊಸದರಲ್ಲಿ, ಹಾಡುವವರ ಹಿಂದೆ ಯಾರೋ ಭಜಿ ಕರಿಯುತ್ತಿದ್ದಾರೆಂದು ತಿಳಿದಿದ್ದೆ. ಅಷ್ಟು ಹೊತ್ತು ಗಂಟಲು ಹರಿದುಕೊಂಡು ಹಾಡಿದವರಿಗೆ ತಿನ್ನಲು ಏನಾದರೂ ಬೇಕಲ್ಲ, ಒಳ್ಳೆಯ ಪದ್ಧತಿ ಅಂತಲೂ ಅಂದುಕೊಂಡಿದ್ದೆ. ಒಂದು ವರ್ಷದ ಮೇಲೆ ಗಂಡನ ಮುಂದೆ ಇದನ್ನು ಹೇಳಿದೆ. ಅವರು ಅದನ್ನು ಇಡೀ ಗಿರಣಿಗೆ ಹೇಳಿದರು. ಆಮೇಲೆ ಅವರಿಗೆ ಭಜಿ ಕರಿಯುವುದನ್ನೇ ಬಿಟ್ಟೆ, ಆರು ತಿಂಗಳು.

ಮಗನ ಡಬ್ಬಿಯಲ್ಲಿ ಭಜಿ ಕರಿಯುವವರು ಇಲ್ಲ. ಹಾಡು ಕ್ಯಾಸೆಟ್ಟಿನಲ್ಲಿಲ್ಲ, ತಟ್ಟೆಯಲ್ಲಿಲ್ಲ. ಇಂಟರ್‌ನೆಟ್ಟಿನಲ್ಲಿ ಎಲ್ಲಿಂದಲೋ ಹರಿದು ಬಂದು, ನೀಲಿ ದೀಪದ ಒಂದು ಸಣ್ಣ ಪೆಟ್ಟಿಗೆಗೆ ಇಳಿದು, ಅಲ್ಲಿಂದ ಈ ಎರಡಕ್ಕೆ ಬರುತ್ತದೆ. ಮೊದಲ ದಿನ ಮಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಮಾಡಿದ.

"ನೋಡವ್ವಾ, ಸಾದಾ ಹಾಡು ಫೋನಿಗೆ ಬರೂಕಿಂತ ಮೊದಲ ಅದರಾಗಿಂದ ಒಂದಿಷ್ಟು ತಗದ ಒಗದಿರತಾರ. ಸಣ್ಣದಾಗ್ಲಿ, ಲಗೂ ಬರಲಿ ಅಂತ. ಮಂದಿ ಕಿವಿಗೆ ತಿಳಿಯೂದಿಲ್ಲ ಅಂತ ಇರತದಲ್ಲ, ಅದನ್ನ ತಗೀತಾರ. ಇದು ಲಾಸ್‌ಲೆಸ್. ಇದರಾಗ ಏನೂ ತಗಿಯೂದಿಲ್ಲ. ಗವಾಯಿ ಹೆಂಗ ಹಾಡ್ಯಾನೋ ಹಂಗ."

"ಜ್ವಾಳದ ಹಿಟ್ಟಿಗೆ ಜರಡಿ ಹಿಡೀಲಾರದ ರೊಟ್ಟಿ ಬಡದಂಗ ಅನ್ನು."

"ಹಾಂ, ಹಂಗ."

"ತವಡು ಸೈತ."

"ತವಡಲ್ಲವ್ವಾ."

"ಮಂದಿಗೆ ತಿಳಿಯೂದಿಲ್ಲ ಅಂತ ತಗೂದು ತವಡಲ್ದ ಮತ್ತೇನು?"

ಅವನು ಸೋತ ಮುಖ ಮಾಡಿದ. ಅಂದಿನಿಂದ ನಮ್ಮ ಮನೆಯಲ್ಲಿ ಹಾಡಿನಲ್ಲಿ ಎರಡು ಜಾತಿ: ಜರಡಿ ಹಿಡಿದದ್ದು, ಜರಡಿ ಹಿಡಿಯದ್ದು. ಸುನಂದಾ ಕೂಡ ಹಾಗೇ ಕರೆಯುತ್ತಾಳೆ. ಮಗ ಮಾತ್ರ ಹಲ್ಲು ಕಚ್ಚಿ ಲಾಸ್‌ಲೆಸ್ ಎನ್ನುತ್ತಾನೆ.

ಪ್ರತಿ ಭಾನುವಾರ ಬೆಳಿಗ್ಗೆ ಅವನ ಗೆಳೆಯ ಜೋಶಿ ಮಾಸ್ತರ ಬರುತ್ತಾರೆ. ಚಿತ್ರಕಲೆ ಕಲಿಸಿ ರಿಟೈರಾದ ಮರಾಠಿ ಮನುಷ್ಯ, ಒಳ್ಳೆಯವರು, ಕಣ್ಣು ಮುಚ್ಚಿ ತಲೆ ಆಡಿಸಲು ಬಲ್ಲವರು. ಅವರು ಬಂದೊಡನೆ ಮನೆಯಲ್ಲಿ ಸೂತಕ. ಫ್ಯಾನು ಬಂದ್. ಸೋಲಾಪುರದ ಚೈತ್ರದಲ್ಲಿ ಫ್ಯಾನು ಬಂದ್ ಮಾಡಿಸುವ ಸಂಗೀತ ಎಂಥದ್ದಿರಬೇಕು, ನೀವೇ ಲೆಕ್ಕ ಹಾಕಿ. ಫ್ರಿಜ್ಜು ಗುಂಯ್ ಎನ್ನುತ್ತದೆಂದು ಅದೂ ಬಂದ್. ಕುಕ್ಕರು ಸೀಟಿ ಹೊಡೆಯಬಾರದು. ಒಂದು ಭಾನುವಾರ ಹಾಲು ಒಡೆಯಿತು. ಸುನಂದಾ ಆ ಒಡೆದ ಹಾಲಿನಲ್ಲೇ ಸಿಹಿ ಮಾಡಿ ಇಬ್ಬರಿಗೂ ಕೊಟ್ಟಳು. ಜೋಶಿ ಮಾಸ್ತರ ಅದಕ್ಕೂ ಕಣ್ಣು ಮುಚ್ಚಿ ತಲೆ ಆಡಿಸಿದರು.

ಇನ್ನು ನಾನು ಮಾಡಿದ ತಪ್ಪುಗಳು. ಸೋಲಾಪುರದ ಮನೆಗಳಲ್ಲಿ ಯಾವ ಯಂತ್ರವೂ ಬರಿ ಮೈಯಲ್ಲಿ ಇರುವುದಿಲ್ಲ. ಟೀವಿಗೆ ಬಟ್ಟೆ, ಮಿಕ್ಸರಿಗೆ ಕುಂಚಿಗೆ, ಫ್ರಿಜ್ಜಿನ ತಲೆಗೆ ಜರಿಯಂಚಿನ ಸೆರಗು. ಚಾದರ ನೇಯುವ ಊರಿನಲ್ಲಿ ಇದ್ದು ಎರಡು ಡಬ್ಬಿಗಳನ್ನು ಧೂಳಿಗೆ ಬಿಡುವುದೇ ಎಂದು, ನವಿಲು ನೇಯ್ದ ದಪ್ಪ ಚಾದರ ಎರಡಕ್ಕೂ ಹೊದಿಸಿದೆ. ಮಗ ಬಂದವನೇ ಕಿತ್ತು ಹಾಕಿದ. ಉಸಿರು ಕಟ್ಟಿ ಸಾಯುತ್ತವೆ ಎಂಬಂತೆ ಮುಖ ಮಾಡಿದ್ದ. ಖಂಡೇನವಮಿಯ ದಿನ, ಮನೆಯ ಕೊಡಲಿ, ಕುಡುಗೋಲು, ಈಳಿಗೆಗೆಲ್ಲ ಪೂಜೆ ಮಾಡುವಾಗ, ಡಬ್ಬಿಗಳಿಗೂ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆ. ಡಬ್ಬಿಯ ಹಿಂದೆ ಮುಷ್ಟಿ ಹಿಡಿಯುವಷ್ಟು ತೂತಿದೆ, ಯಾಕೆಂದು ನನಗೆ ಗೊತ್ತಿಲ್ಲ. ಮಾಲೆಯಿಂದ ಒಂದು ಹೂ ಜಾರಿ ಆ ತೂತಿನೊಳಗೆ ಬಿತ್ತು.

ಹೂ ಒಣಗಿತು. ಒಣಗಿದ ಮೇಲೆ ತಬಲಾದ ಎಡಗೈ ಬಿದ್ದಾಗಲೆಲ್ಲ ಸರ್ ಎಂದು ನಡುಗತೊಡಗಿತು. ಮಗ ಮತ್ತು ಜೋಶಿ ಮಾಸ್ತರ ವಾರಗಟ್ಟಲೆ ಹುಡುಕಿದರು. ವೈರು ಬದಲಿಸಿದರು, ಪುಣೆಗೆ ಫೋನು ಮಾಡಿದರು, ತಬಲಾದವನದೇ ತಪ್ಪಿರಬೇಕೆಂಬ ನಿರ್ಣಯಕ್ಕೂ ಬಂದರು. ಕೊನೆಗೆ ಕಸ ಹೊಡೆಯುತ್ತಿದ್ದ ಸುನಂದಾ ಕೈ ಹಾಕಿ ಹೂ ತೆಗೆದಳು. ನನಗೆ ಮೊದಲ ದಿನವೇ ಕೇಳಿಸಿತ್ತು, ಎಡಗಡೆಯ ಡಬ್ಬಿ, ಕೆಳಗೆ, ಹಿಂದುಗಡೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಹಾಳು ಮಾಡುತ್ತಿರಲಿಲ್ಲ. ಒಂದು ದಿನ ಮಗ ಟೇಪು ಹಿಡಿದು ಹಾಲಿನ ನೆಲ ಅಳೆಯತೊಡಗಿದ. ಕೂರುವ ಕುರ್ಚಿಗೂ ಎರಡು ಡಬ್ಬಿಗಳಿಗೂ ನಡುವೆ ಅಂತರ ಸರಿಸಮ ಇರಬೇಕಂತೆ, ಒಲೆಯ ಮೂರು ಗುಂಡಿನಂತೆ. ಹಾಗೆ ಇಟ್ಟರೆ ಎಡಗಡೆಯ ಡಬ್ಬಿ ನೇರ ನನ್ನ ಒಳಕಲ್ಲಿನ ಮೇಲೆ ಬರುತ್ತಿತ್ತು.

ಈ ಒಳಕಲ್ಲು ಹಾಲಿಗೆ ಹೇಗೆ ಬಂತು ಎನ್ನುತ್ತೀರಿ. ಕಲ್ಲು ಎಲ್ಲಿಗೂ ಬಂದಿಲ್ಲ, ಹಾಲೇ ಅದರ ಹತ್ತಿರ ಬಂದದ್ದು. ಮೊದಲು ಅಲ್ಲಿ ಅಡುಗೆಮನೆ ಇತ್ತು. ಮನೆ ದೊಡ್ಡದು ಮಾಡುವಾಗ ಒಲೆ ಹಿಂದೆ ಹೋಯಿತು, ನೆಲದಲ್ಲಿ ಹುಗಿದ ಕಲ್ಲು ಇದ್ದಲ್ಲೇ ಉಳಿಯಿತು. ಅದರ ಬಾಯಿಗೆ ಕಟ್ಟಿಗೆಯ ಮುಚ್ಚಳ ಮಾಡಿಸಿದ್ದೇವೆ. ಬಂದವರು ಅದನ್ನು ಮೋರಿ ಎಂದು ತಿಳಿದು ಕಾಲು ಎತ್ತಿ ದಾಟುತ್ತಾರೆ. ಆ ಕಲ್ಲಿನ ಮೇಲೆ ನನಗೆ ಪ್ರೀತಿ ಗೀತಿ ಇಲ್ಲ. ನಮ್ಮ ಅತ್ತೆ ಅದರ ಪಕ್ಕದಲ್ಲಿ ಕೂತು ನನ್ನ ಕೈ ಮೇಲೆ ಹೊಡೆಯುತ್ತಿದ್ದಳು, ಅದೇನು ನೆನೆಸಿಕೊಳ್ಳುವಂಥ ಸುಖವಲ್ಲ. ಆದರೆ ಶೇಂಗಾ ಚಟ್ನಿ ಆಗುವುದು ಅದರಲ್ಲೇ. ಮಿಕ್ಸರಿನಲ್ಲಿ ಹಾಕಿದರೆ ಪುಡಿಯಾಗುತ್ತದೆ, ಪುಡಿ ಚಟ್ನಿಯಲ್ಲ. ಒನಕೆಯ ಪೆಟ್ಟಿಗೆ ಶೇಂಗಾ ಮೊದಲು ಧಪ್ ಧಪ್ ಎನ್ನುತ್ತದೆ, ಎಣ್ಣೆ ಬಿಟ್ಟಾಗ ಪಚ್ ಎನ್ನುತ್ತದೆ. ಆ ಪಚ್ ಕೇಳಿದ ಮೇಲೆ ಇನ್ನು ನಾಲ್ಕು ಪೆಟ್ಟು, ಐದನೆಯದು ಬಿದ್ದರೆ ಕೆಟ್ಟಿತು.

"ಸೋಮವಾರ ಗವಂಡಿ ಬರತಾನವ್ವಾ" ಅಂದ ಮಗ. "ಕಲ್ಲ ಕಿತ್ತ, ಅಲ್ಲಿ ಫರಸಿ ಕೂಡಸೂನು. ನಿನಗ ಮಿಕ್ಸರ್ ಐತಲ್ಲ. ಬೇಕಂದ್ರ ಇನ್ನೊಂದು ದೊಡ್ಡದ ತರತೀನಿ."

"ಡಬ್ಬಿ ಅತ್ತಾಗ ಒಂದ ಗೇಣ ಸರಸು."

"ಒಂದ ಗೇಣಲ್ಲ, ನಾಕ ಬೆರಳ ಸರಿದ್ರೂ ನನಗ ತಿಳೀತೈತಿ. ನನ್ನ ಕಿವಿ ಹಂಗ ತಯಾರಾಗ್ಯಾವ."

ಕಿವಿ ತಯಾರಾಗಿವೆ ಎಂಬ ಮಾತು ಕೇಳಿ ನನಗೆ ಸಿಟ್ಟು ಬಂತು. ಕಿವಿ ಅಂದರೆ ಏನು ಎನ್ನುವುದು ನನಗೆ ಗೊತ್ತು. ಅದನ್ನು ಹೇಳಬೇಕಾದರೆ ಹೋಟಗಿಗೆ ಹೋಗಬೇಕು, ನನ್ನ ತವರಿಗೆ.

ನಮ್ಮಪ್ಪ ಹೋಟಗಿ ಜಂಕ್ಷನ್ನಿನಲ್ಲಿ ರೇಲ್ವೆ ಗಾಲಿ ಬಡಿಯುವ ಕೆಲಸದಲ್ಲಿದ್ದ. ಹೌದು, ಅದೂ ಒಂದು ನೌಕರಿ. ಗಾಡಿ ಬಂದು ನಿಂತಿತೆಂದರೆ ಉದ್ದ ಹಿಡಿಕೆಯ ಸುತ್ತಿಗೆ ಹಿಡಿದು, ಒಂದು ಮಗ್ಗುಲಿನಿಂದ ಹೋಗಿ ಇನ್ನೊಂದು ಮಗ್ಗುಲಿನಿಂದ ಬರುತ್ತಾ, ಒಂದೊಂದೇ ಗಾಲಿಗೆ ಪೆಟ್ಟು ಕೊಟ್ಟು ಕೇಳುವುದು. ಸೀಳು ಬಿದ್ದ ಗಾಲಿ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ. ನಾನು ಶಾಲೆ ಬಿಟ್ಟ ಮೇಲೆ ಬುತ್ತಿ ತೆಗೆದುಕೊಂಡು ಹೋಗಿ, ಹಳಿಗೆ ಬೆನ್ನು ಮಾಡಿ ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಕೂರುತ್ತಿದ್ದೆ. ಅಪ್ಪ ಬಡಿಯುತ್ತಿದ್ದ, ನಾನು ಕೇಳುತ್ತಿದ್ದೆ. "ಛಲೋ ಗಾಲಿ ಆವಾಜ ನಡಕೊಂತ ಹೋಗತೈತಿ, ಕೆಟ್ಟಿದ್ದು ಅಲ್ಲೇ ಕುಂಡರತೈತಿ" ಎಂದು ಅವನು ಕಲಿಸಿದ್ದ. ಇಷ್ಟೇ ಪಾಠ. ನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿತದ್ದರಲ್ಲಿ ಅರ್ಧ ಮರೆತಿದೆ, ಇದು ಮರೆತಿಲ್ಲ.

ಒಮ್ಮೆ ಗಾಡಿಯ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ನನ್ನನ್ನು ಕರೆದು ಅರ್ಧ ಸಂತ್ರಾ ಹಣ್ಣು ಕೊಟ್ಟಳು. ಉಳಿದರ್ಧ ಅವಳ ತೊಡೆಯ ಮೇಲಿತ್ತು. ಗಾಡಿ ಇನ್ನಷ್ಟು ಹೊತ್ತು ನಿಂತರೆ ಅದೂ ನನಗೇ ಸಿಗಬಹುದು ಅನ್ನಿಸಿತು. ಅಪ್ಪ ಬಡಿದು ಮುಂದೆ ಹೋದೊಡನೆ, "ಅಪ್ಪಾ, ಆ ಗಾಲಿ ಕುಂತಿತು" ಎಂದು ಕೂಗಿದೆ. ಅಪ್ಪ ತಿರುಗಿ ಬಂದ. ಮೂರು ಸಲ ಬಡಿದ. ಗಾರ್ಡು ಬಂದ, ಇನ್ನಿಬ್ಬರು ಬಂದರು, ಎಲ್ಲರೂ ಬಗ್ಗಿ ನೋಡಿದರು. ಗಾಲಿ ಗಂಟೆಯಂತೆ ಚೆನ್ನಾಗಿತ್ತು. ಅಷ್ಟರಲ್ಲಿ ಆ ಹೆಂಗಸು ಉಳಿದರ್ಧ ತಾನೇ ತಿಂದು ಸಿಪ್ಪೆ ಹೊರಗೆ ಒಗೆದಳು.

ಗಾಡಿ ಹೋದ ಮೇಲೆ ಅಪ್ಪ ಒಂದು ಬಿಟ್ಟ. ಕಪಾಳ ಬಿಸಿಯಾಯಿತು. "ಹೊಟ್ಟಿ ವಿಷಯದಾಗ ಸುಳ್ಳ ಹೇಳು, ಕಿವಿ ವಿಷಯದಾಗ ಹೇಳಬ್ಯಾಡ. ಗಾಡ್ಯಾಗ ಮಂದಿ ಇರತಾರ" ಅಂದ. ಆಮೇಲೆ ನಾನು ಹೊಟ್ಟೆಯ ವಿಷಯದಲ್ಲಿ ಧಾರಾಳವಾಗಿ ಹೇಳಿದ್ದೇನೆ. ಕಿವಿಯ ವಿಷಯದಲ್ಲಿ ಒಂದೂ ಹೇಳಿಲ್ಲ.

ಇಂಥ ನನ್ನ ಮುಂದೆ ಕಿವಿ ತಯಾರಾಗಿವೆ ಎಂದರೆ ಹೇಗೆ.

"ಶಿವ್ಯಾ, ಪೈಜ ಕಟ್ಟತಿಯೇನು?" ಅಂದೆ.

"ಎಂಥಾ ಪೈಜ?"

"ನೀ ಕಣ್ಣ ಕಟ್ಟಕೊಂಡ ಕುರ್ಚ್ಯಾಗ ಕುಂಡ್ರು. ಸುನಂದಾ ಒಂದ ಹಾಡು ಹತ್ತ ಸಲ ಹಚ್ಚಲಿ. ಯಾವದು ಜರಡಿ ಹಿಡದದ್ದು, ಯಾವದು ಹಿಡೀಲಾರದ್ದು, ನೀ ಹೇಳು. ಎಂಟ ಸರಿ ಹೇಳಿದ್ರ ಗವಂಡಿಗೆ ನಾನ ಕಬ್ಬಿಣದ ಹಾರಿ ಕೊಟ್ಟ ಕಲ್ಲ ಕೀಳಸತೀನಿ."

"ಇಲ್ಲಂದ್ರ?"

"ಇಲ್ಲಂದ್ರ ನಾ ಸಾಯೂತನಕ ಕಲ್ಲಿನ ಹೆಸರ ತಗೀಬಾರದು."

ಅವನಿಗೆ ನಗು ತಡೆಯಲಿಲ್ಲ. "ಎಂಟ ಯಾಕವ್ವಾ, ಹತ್ತಕ್ಕ ಹತ್ತ ಹೇಳತೀನಿ" ಅಂದ. ಸುನಂದಾ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಇಬ್ಬರನ್ನೂ ನೋಡಿದಳು. "ನೋಡ್ರಿ, ಆಮ್ಯಾಲ ನನಗ ಅನಬ್ಯಾಡ್ರಿ" ಎಂದು ಗಂಡನಿಗೆ ಹೇಳಿದಳು. ಅವಳು ಯಾರ ಕಡೆ ಎಂದು ಮುಖದಲ್ಲಿ ಕಾಣಿಸಲಿಲ್ಲ. ಅಕ್ಕಲಕೋಟೆಯವರ ಮುಖದಲ್ಲಿ ಅದು ಕಾಣಿಸುವುದಿಲ್ಲ.

ಪೈಜ ಕಟ್ಟುವಾಗ ನನ್ನ ಲೆಕ್ಕ ಸರಳವಿತ್ತು. ಈ ಜರಡಿಯ ಮಾತೆಲ್ಲ ಅಂಗಡಿಯವರ ಬುರುಡೆ, ಯಾರಿಗೂ ಫರಕು ತಿಳಿಯುವುದಿಲ್ಲ, ಮಗ ಸೋಲುತ್ತಾನೆ ಎಂದು. ಆ ಮೊದಲು ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿರಲಿಲ್ಲ.

ಭಾನುವಾರ ಬಂತು. ಜೋಶಿ ಮಾಸ್ತರ ಪಂಚರು. ಫ್ಯಾನು ಬಂದ್, ಫ್ರಿಜ್ಜು ಬಂದ್. ಮಗನ ಕಣ್ಣಿಗೆ ಮಾಸ್ತರರೇ ಟವೆಲ್ಲು ಕಟ್ಟಿದರು. ಸುನಂದಾ ಫೋನು ಹಿಡಿದು ಅವನ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು. ಯಾವ ಸಲ ಯಾವುದು ಹಚ್ಚಬೇಕೆಂದು ಅವಳೇ ಮನಸ್ಸಿಗೆ ಬಂದಂತೆ ಒಂದು ಮದುವೆ ಕಾರ್ಡಿನ ಹಿಂದೆ ಬರೆದುಕೊಂಡಿದ್ದಳು. ಆ ಕಾರ್ಡು ಅವಳೊಬ್ಬಳಿಗೇ ಗೊತ್ತು. ಜರಡಿ ಹಿಡಿಯದ್ದು ಅನ್ನಿಸಿದರೆ ಮಗ ಬಲಗೈ ಎತ್ತಬೇಕು, ಹಿಡಿದದ್ದು ಅನ್ನಿಸಿದರೆ ಎಡಗೈ. ಎಣಿಸುವುದು ಮಾಸ್ತರರ ಕೆಲಸ. ನಾನು ಒಳಕಲ್ಲಿನ ಪಕ್ಕದಲ್ಲಿ ಮೊರ ಇಟ್ಟುಕೊಂಡು, ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಬಿಡಿಸುತ್ತಾ ಕೂತೆ. ಅದಕ್ಕೆ ಸಪ್ಪಳವಿಲ್ಲ.

ಬೆಳಗಿನ ತೋಡಿ ರಾಗ. ಗಂಡಸು ಹಾಡುತ್ತಿದ್ದ. ಮೊದಲು ತಂಬೂರಿ, ಆಮೇಲೆ ಅವನು ಒಂದು ಸ್ವರ ಹಿಡಿದು ಬಿಟ್ಟ. ಮಗ ಎಡಗೈ ಎತ್ತಿದ. ನಿಂತಿತು. ಮತ್ತೆ ಅದೇ ತಂಬೂರಿ, ಅದೇ ಸ್ವರ.

ಎರಡನೆಯದು ಅರ್ಧ ಆಗುವಷ್ಟರಲ್ಲಿ ನನಗೆ ಫರಕು ಸಿಕ್ಕಿತು. ಮೊದಲನೆಯದರಲ್ಲಿ ಸ್ವರ ಮುಗಿದ ಮೇಲೆ ಅದರ ನಾದ ನಡೆದು ಹೋಗಿತ್ತು, ಗೋಡೆಯತನಕ ಹೋಗಿ, ಗೋಡೆ ದಾಟಿ. ಎರಡನೆಯದರಲ್ಲಿ ಅದು ಅಲ್ಲೇ ಕೂತಿತು. ಮೂರನೆಯದು ನಡೆಯಿತು, ತಂಬೂರಿಯ ತಂತಿ ಒಂದೊಂದೇ ಎಣಿಸಬಹುದು ಅನ್ನುವಷ್ಟು. ನಾಲ್ಕನೆಯದು ಕೂತಿತು. ಅಂದರೆ ಅಂಗಡಿಯವರದು ಬುರುಡೆ ಅಲ್ಲ. ಫರಕು ಇದೆ, ಗಾಲಿಯಷ್ಟೇ ಸ್ಪಷ್ಟವಾಗಿ ಇದೆ, ಇನ್ನು ಮಗನಿಗೆ ಸ್ವಲ್ಪವೇ ಕಿವಿ ಇದ್ದರೂ ನನ್ನ ಕಲ್ಲು ಹೋಯಿತು.

ನಾನು ಮಗನ ಕೈಗಳನ್ನೇ ನೋಡುತ್ತಿದ್ದೆ. ಎರಡನೆಯದಕ್ಕೆ ಬಲಗೈ. ಮೂರಕ್ಕೆ ಬಲಗೈ. ನಾಲ್ಕಕ್ಕೂ ಬಲಗೈ. ಐದಕ್ಕೆ ಎರಡೂ ಕೈ ಅರ್ಧ ಎತ್ತಿ ಎರಡನ್ನೂ ಇಳಿಸಿ, ಕೊನೆಗೆ ಎಡಗೈ. ಅವನ ಕುತ್ತಿಗೆಯ ಮೇಲೆ ಬೆವರು ಹರಿಯುತ್ತಿತ್ತು. ಹಡೆದ ನನಗೆ ಗೊತ್ತಾಯಿತು. ಅವನು ಕೇಳುತ್ತಿರಲಿಲ್ಲ, ಊಹಿಸುತ್ತಿದ್ದ.

ಹತ್ತೂ ಮುಗಿದವು. ಜೋಶಿ ಮಾಸ್ತರ ಕಾರ್ಡು ಇಸಿದುಕೊಂಡು ತಮ್ಮ ಎಣಿಕೆಯ ಜೊತೆ ತಾಳೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು.

"ಪಾಚ" ಅಂದರು. ಐದು.

ಮಗ ಟವೆಲ್ಲು ಬಿಚ್ಚಿಕೊಂಡ. "ಐದು?"

"ಐದ ಸರಿ, ಐದ ತಪ್ಪು" ಅಂದಳು ಸುನಂದಾ. ಫ್ರಿಜ್ಜು ಹಚ್ಚಲು ಒಳಗೆ ಹೋದಳು.

ಜೋಶಿ ಮಾಸ್ತರ ಕಾರ್ಡು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಕಾಕು, ತುಮ್ಹಾಲಾ ಕಾಹೀ ಫರಕ್ ಕಳಲಾ ಕಾ?" ನಿಮಗೇನಾದರೂ ಫರಕು ತಿಳಿಯಿತೇ ಎಂದು. ಅರವತ್ತೈದು ವರ್ಷದ ಹಿಂದಿನ ಕಪಾಳ ಒಮ್ಮೆ ಬಿಸಿಯಾಯಿತು. ತಿಳಿಯಲಿಲ್ಲ ಎಂದರೆ ಕಿವಿಯ ವಿಷಯದಲ್ಲಿ ಸುಳ್ಳು. ತಿಳಿಯಿತು ಎಂದರೆ ಮಗ ನಾಳೆಯೇ ಇನ್ನೊಂದು ಪೈಜ ಕಟ್ಟುತ್ತಾನೆ, ಇನ್ನೂ ಒಂದು ತಿಂಗಳು ಕಿವಿ ತಯಾರು ಮಾಡುತ್ತಾನೆ.

"ಮಾಸ್ತರ, ಶೇಂಗಾ ಖಮಂಗ ಹುರದಾವ" ಎಂದು ಮೊರ ಮುಂದಕ್ಕೆ ಚಾಚಿದೆ. "ಬಾಯಾಗ ಹಾಕ್ಕೋರಿ."

ಅವರು ಹಾಕಿಕೊಂಡರು. ಬಾಯಿ ತುಂಬಿದವರು ಎರಡನೆಯ ಸಲ ಪ್ರಶ್ನೆ ಕೇಳುವುದಿಲ್ಲ. ಇದು ಹೊಟ್ಟೆಯ ವಿಷಯವಾಯಿತು, ಅಪ್ಪನ ಅಡ್ಡಿ ಇಲ್ಲ.

ಸೋಮವಾರ ಗವಂಡಿ ಬಂದ, ಚಹಾ ಕುಡಿದು ಹೋದ. ನಾನು ಗೆದ್ದಿದ್ದೆ. ಮುಚ್ಚಳ ತೆಗೆದು ಅಂದೇ ಒಂದು ಒಬ್ಬೆ ಚಟ್ನಿ ಕುಟ್ಟಿದೆ. ಪಚ್ ಎಂದ ಮೇಲೆ ನಾಲ್ಕು ಪೆಟ್ಟು.

ಆದರೆ ಡಬ್ಬಿಗಳು ಬಾಯಿ ಬಿಡಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಮಗ ಕಚೇರಿಯಿಂದ ಬಂದು ಬೆಳಗಿನ ಪೇಪರನ್ನೇ ಮತ್ತೆ ಓದುತ್ತಿದ್ದ. ಶುಕ್ರವಾರ, ಪುಣೆಯ ಅಂಗಡಿಯವನಿಗೆ ಫೋನು ಮಾಡಿ, "ವಾಪಸ್ ತಗೋತೀರೇನು?" ಎಂದು ಮರಾಠಿಯಲ್ಲಿ ಕೇಳುವುದು ಕಿವಿಗೆ ಬಿತ್ತು. ಭಾನುವಾರ ಜೋಶಿ ಮಾಸ್ತರ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು, ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಕುಕ್ಕರು ಮನಸಾರೆ ಸೀಟಿ ಹೊಡೆಯುತ್ತಿತ್ತು. ಬೇಕಾದದ್ದೆಲ್ಲ ಸಿಕ್ಕಿತ್ತು. ನನಗೆ ಬೇಸರವಾಯಿತು ಅಂತಲ್ಲ, ಬೇಸರಪಡುವ ಜಾತಿ ನನ್ನದಲ್ಲ. ನನ್ನ ಕಿವಿಗೆ ಕೆಲಸ ಇರಲಿಲ್ಲ. ಹೋಟಗಿ ಬಿಟ್ಟ ಮೇಲೆ ಮೊದಲ ಸಲ ಒಂದು ದನಿ ಗೋಡೆ ದಾಟಿ ನಡೆದು ಹೋಗುವುದನ್ನು ಕೇಳಿದ್ದೆ, ಅದನ್ನು ಪುಣೆಗೆ ವಾಪಸು ಕಳಿಸುತ್ತಿದ್ದರು.

ಸೀದಾ ಹೋಗಿ ಅವನ ಪೇಪರು ಕಿತ್ತುಕೊಂಡೆ.

"ಶಿವ್ಯಾ, ಹಾಡ ಹಚ್ಚು."

"ಯಾಕವ್ವಾ, ಬಿಡು. ನನಗ ಏನೂ ತಿಳಿಯೂದಿಲ್ಲ ಅಂತ ನೀನ ತೋರಿಸಿದಿ."

"ತಿಳೀದಿದ್ರ ಕೇಳಬಾರದೇನು? ನಿಮ್ಮಪ್ಪಗ ಏನ ತಿಳೀತಿತ್ತು, ನಲವತ್ತ ವರ್ಷ ಕೇಳಿದಾ. ಹಚ್ಚು. ಅವತ್ತ ಮೂರನೇದ್ದು ಹಚ್ಚಿದ್ರೆಲ್ಲ, ಹಂಗ ಹಚ್ಚು. ನಾಕನೇದ್ದರಂಗ ಬ್ಯಾಡ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮಗ ನನ್ನನ್ನು ನೋಡಿದ. "ಮೂರನೇದ್ದು ನಾಕನೇದ್ದು ಎಲ್ಲಾ ಒಂದ ಹಾಡ ಇತ್ತಲ್ಲವ್ವಾ."

"ಒಂದ ಹಾಡಾದ್ರ ಒಂದ ಹಚ್ಚು, ಯಾಕ ತಡಾ ಮಾಡತಿ?"

ಅವನು ತಲೆ ಕೆರೆದುಕೊಂಡು ಹಚ್ಚಿದ. ರೂಢಿಯಂತೆ ಜರಡಿ ಹಿಡಿಯದ್ದನ್ನೇ ಹಚ್ಚಿದ, ಅದು ತಿಳಿಯಲು ನನಗೆ ತಂಬೂರಿಯ ಮೂರು ಮೀಟು ಸಾಕಾಯಿತು. ಅವನ ಮುಖ ಸ್ವಲ್ಪ ಸಡಿಲಾಯಿತು. ಡಬ್ಬಿಯನ್ನು ಕಲ್ಲಿನಿಂದ ಒಂದು ಗೇಣು ಅತ್ತ ಇಡಿಸಿದೆವು. ಮುಂದಿನ ವಾರ ಬಂದ ಜೋಶಿ ಮಾಸ್ತರ, ಈ ಜಾಗದಲ್ಲಿ ಆವಾಜು ಮೊದಲಿಗಿಂತ ಬಿಚ್ಚಿಕೊಂಡಿದೆ ಎಂದು ಕಣ್ಣು ಮುಚ್ಚಿ ತಲೆ ಆಡಿಸಿದರು. ಮಗನೂ ಹೌದೆಂದ. ನಾನು ಸುಮ್ಮನೆ ಶೇಂಗಾ ತಿಕ್ಕಿದೆ.

ಇದನ್ನೆಲ್ಲ ಇಷ್ಟು ಧೈರ್ಯದಿಂದ ಬರೆಯಲು ಕಾರಣವಿದೆ. ಜೋಶಿ ಮಾಸ್ತರರಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಮಗ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಆದರೆ ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಕರ್ನಾಟಕದ ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ, ಅದೂ ಬಸ್ಸು ನಿಂತಿದ್ದರೆ. ಹೀಗಾಗಿ ಈ ಮನೆಯಲ್ಲಿ ಏನಾದರೂ ಬಚ್ಚಿಡಬೇಕಾದರೆ ಕನ್ನಡದಲ್ಲಿ ಬರೆದು ಟೇಬಲ್ಲಿನ ಮೇಲೆ ಇಟ್ಟರೆ ಸಾಕು ಎಂದು ನಾನು ತಿಳಿದಿದ್ದೆ.

ಒಂದು ಮರೆತಿದ್ದೆ. ಇದನ್ನು ಅಚ್ಚಿಗೆ ಕಳಿಸಬೇಕು, ನನ್ನ ಅಕ್ಷರ ಅಚ್ಚಿನವರಿಗೆ ತಿಳಿಯುವಂಥದ್ದಲ್ಲ. ಫೋನಿನಲ್ಲಿ ಟೈಪು ಮಾಡಿಕೊಡು ಎಂದು ಸುನಂದಾಳ ಕೈಗೆ ಹಾಳೆ ಕೊಟ್ಟೆ. ಅವಳು ಅಕ್ಕಲಕೋಟೆಯಲ್ಲಿ ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಬಸ್ಸಿನ ಬೋರ್ಡಿನ ತನಕ ಬಂದವಳು ಬೆರಳು ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ, ಜೀರಿಗೆಯ ಡಬ್ಬಿಯ ಹಿಂದಿನಿಂದ ಆ ಮದುವೆ ಕಾರ್ಡು ತಂದು ನನ್ನ ಮುಂದೆ ಇಟ್ಟಳು.

"ಇದನ್ಯಾಕ ಇಟ್ಟೀಯವಾ?"

"ನನಗ ಅವತ್ತ ಗೊತ್ತಾಗಿತ್ರಿ ಅತ್ತಿ. ಜರಡಿ ಹಿಡೀಲಾರದ್ದು ಹಚ್ಚಿದಾಗೊಮ್ಮಿ ಮೊರದಾಗ ನಿಮ್ಮ ಕೈ ನಿಂದರತಿದ್ದು. ಹಿಡದದ್ದು ಹಚ್ಚಿದ್ರ ಮತ್ತ ತಿಕ್ಕತಿದ್ರಿ. ಒಂದನೇದ್ದು, ಮೂರನೇದ್ದು, ಆರನೇದ್ದು, ಏಳನೇದ್ದು, ಹತ್ತನೇದ್ದು. ಹತ್ತಕ್ಕ ಹತ್ತ ಸರಿ."

ನಾನು ಕಾರ್ಡನ್ನು ತಿರುಗಿಸಿ ಮದುಮಕ್ಕಳ ಹೆಸರು ಓದಿದೆ.

"ಇದನ್ನ ಅವರಿಗೆ ಓದಿ ಹೇಳಲೇನು?"

"ನಿನಗ ಏನ ಬೇಕ ಹೇಳು" ಅಂದೆ. ಸೋತ ಮೇಲೆ ಸುತ್ತು ಹಾಕಿ ಫಾಯದೆ ಇಲ್ಲ.

"ನನಗೇನೂ ಬ್ಯಾಡ್ರಿ. ನಮ್ಮವ್ವಗ ಶೇಂಗಾ ಚಟ್ನಿ. ತಿಂಗಳಿಗೊಂದ ಡಬ್ಬಿ, ತುಂಬ. ಕೈಲೆ ಕುಟ್ಟಿದ್ದು."

"ವಯಸ್ಸಾಗ್ಯಾವ ನನಗ. ಒಂದೊಂದ ಸಲ ಮಿಕ್ಸರ್‌ದಾಗ ತಿರುವಿ ಕಳಿಸಿದ್ರ ನಿಮ್ಮವ್ವಗ ಏನ ತಿಳೀತೈತಿ?"

ಸುನಂದಾ ಮತ್ತೆ ಫೋನು ಎತ್ತಿಕೊಂಡು ಟೈಪು ಮಾಡತೊಡಗಿದಳು, ನನ್ನ ಮುಖ ನೋಡದೆಯೇ ಹೇಳಿದಳು:

"ತಿಳೀತೈತ್ರಿ ಅತ್ತಿ. ನೀವು ಬಂದ ಹ್ವಾದ ದಿನದಿಂದ ನಮ್ಮವ್ವನೂ ಎಲ್ಲಾ ಬಡದ ನೋಡತಾಳ."